27 ಇಂಚು, ಒತ್ತಕ್ಷರ ಮತ್ತು ಹಳೇ ಪೇಜ್‌ಮೇಕರ್: ದಾವಣಗೆರೆಯ ಒಂದು ಮಾನಿಟರ್ ಪ್ರಕರಣ

ದಾವಣಗೆರೆಯಲ್ಲಿ ಮನೆಯಿಂದಲೇ ಡಿಟಿಪಿ ಕೆಲಸ (ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರ್‌ನಲ್ಲಿ ಕಟ್ಟುವ ಕೆಲಸ) ಮಾಡುವ ಒಬ್ಬರ ಪ್ರಕರಣ ಇದು. ಅವರನ್ನು ಇಲ್ಲಿ ಸರೋಜಕ್ಕ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಬಡಾವಣೆ, ಪ್ರೆಸ್ಸು, ಅಂಗಡಿ ಯಾವುದರ ಹೆಸರನ್ನೂ ಹೇಳುವುದಿಲ್ಲ. ಬರೆದದ್ದನ್ನು ಅವರಿಗೆ ಓದಿಸಿ, ಒಪ್ಪಿಗೆ ಪಡೆದ ಮೇಲೆ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಾನು ಊರಿನ ಕೆಲವು ಪ್ರೆಸ್ಸು, ಡಿಟಿಪಿ ಸೆಂಟರ್‌ಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಲ್ಯಾಪ್‌ಟಾಪ್‌ಗೆ ಯಾವ ಮಾನಿಟರ್ ತಗೋಬೇಕು ಎಂದು ಆಗಾಗ ಯಾರಾದರೂ ಕೇಳುತ್ತಲೇ ಇರುತ್ತಾರೆ. ಮೊದಲು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದೆ: ದುಡ್ಡಿಗೆ ತಕ್ಕಂತೆ ದೊಡ್ಡದು ತಗೊಳ್ಳಿ. ಸರೋಜಕ್ಕನ ಜೊತೆ ಐದಾರು ತಿಂಗಳು ಓಡಾಡಿದ ಮೇಲೆ ಆ ಉತ್ತರವನ್ನು ಕೈಬಿಟ್ಟೆ.

ಹಿನ್ನೆಲೆ

ಸರೋಜಕ್ಕನಿಗೆ ಐವತ್ತು ಹತ್ತಿರ. ಇಪ್ಪತ್ತು ವರ್ಷ ಒಂದು ಪ್ರೆಸ್ಸಿನಲ್ಲಿ ಕೂತು ಪುಟ ಕಟ್ಟಿದವರು. 2020ರ ಲಾಕ್‌ಡೌನ್‌ನಲ್ಲಿ ಪ್ರೆಸ್ಸಿಗೆ ಹೋಗುವುದು ನಿಂತಿತು. ಆಮೇಲೆ ಮನೆಯಲ್ಲೇ ಕೆಲಸ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, 1/8 ಡೆಮಿ ಅಳತೆಯ ಪುಸ್ತಕಗಳು, ಜೊತೆಗೆ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದ ಹುಡುಗರ ಪಿಎಚ್‌ಡಿ ಪ್ರಬಂಧಗಳು. ಟೈಪ್ ಮಾಡುವುದು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ, ಪುಟ ಕಟ್ಟುವುದು ಪೇಜ್‌ಮೇಕರ್ 7ರಲ್ಲಿ.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಇನ್ನೂ ಅದನ್ನೇ ಯಾಕೆ ಹಿಡಿದುಕೊಂಡಿದ್ದಾರೆ ಎಂದು ಹೊರಗಿನವರು ಕೇಳಬಹುದು. ಅವರ ಗಿರಾಕಿಗಳ ಹಳೇ ಪುಸ್ತಕಗಳೆಲ್ಲ ಆ ಕಡತಗಳಲ್ಲೇ ಇವೆ, ನುಡಿಯ ಹಳೇ ಆಸ್ಕಿ ಅಕ್ಷರಗಳಲ್ಲಿ (ಈಗಿನ ಯೂನಿಕೋಡ್ ಪದ್ಧತಿಗೆ ನೇರವಾಗಿ ಹೊಂದದ ಹಳೇ ಪದ್ಧತಿ). ಮರುಮುದ್ರಣಕ್ಕೆ ಬಂದಾಗ ಹೊಸ ತಂತ್ರಾಂಶಕ್ಕೆ ತಂದರೆ ಪ್ರತಿ ಪುಟವನ್ನೂ ಮತ್ತೆ ಕಟ್ಟಬೇಕು, ಮತ್ತೆ ತಿದ್ದಬೇಕು. ಅದಕ್ಕೆ ದುಡ್ಡು ಕೊಡುವವರು ಯಾರೂ ಇಲ್ಲ. ಹಾಗಾಗಿ ಈ ಆಯ್ಕೆಯಲ್ಲಿ ಪೇಜ್‌ಮೇಕರ್ ಇರಲೇಬೇಕು ಎಂದು ಮೊದಲೇ ಒಪ್ಪಿಕೊಳ್ಳಬೇಕಿತ್ತು. ಆ ಮಾತು ನನಗೆ ತಡವಾಗಿ ಹೊಳೆಯಿತು.

ಅವರ ಲ್ಯಾಪ್‌ಟಾಪ್ 2018ರದ್ದು. 15.6 ಇಂಚಿನ ಫುಲ್ ಎಚ್‌ಡಿ ಪರದೆ, ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ (ಪಿಕ್ಸೆಲ್). ಇಷ್ಟು ಸಣ್ಣ ಪರದೆಯಲ್ಲಿ ಅಷ್ಟೊಂದು ಚುಕ್ಕಿ ಇದ್ದರೆ ಅಕ್ಷರ ತೀರಾ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ ವಿಂಡೋಸ್ ತಾನಾಗಿ ಎಲ್ಲವನ್ನೂ 125%ಗೆ ಹಿಗ್ಗಿಸುತ್ತದೆ. ಹೊಸ ತಂತ್ರಾಂಶಗಳು ಇದಕ್ಕೆ ಹೊಂದಿಕೊಳ್ಳುತ್ತವೆ. ಪೇಜ್‌ಮೇಕರ್‌ಗೆ ಹಿಗ್ಗಿಸುವುದು ಅಂದರೇನು ಎಂದೇ ಗೊತ್ತಿಲ್ಲ. ಹಾಗಾಗಿ ವಿಂಡೋಸ್ ಅದರ ಕಿಟಕಿಯನ್ನು ಒಂದು ಚಿತ್ರದ ಹಾಗೆ ಎಳೆದು ದೊಡ್ಡದು ಮಾಡುತ್ತದೆ. ಅಕ್ಷರ ಮಂಜು ಮಂಜಾಗುತ್ತದೆ. ಸರೋಜಕ್ಕ ಅದನ್ನು ಸಹಿಸಲಾರದೆ ಮತ್ತೆ 100%ಗೆ ಇಟ್ಟುಕೊಂಡಿದ್ದರು. ಆಗ ಅಕ್ಷರ ಚೊಕ್ಕ, ಆದರೆ ಸಾಸಿವೆಯಷ್ಟು. ಐದು ವರ್ಷ ಬಗ್ಗಿ ನೋಡಿ ನೋಡಿ ಕುತ್ತಿಗೆ ಹಿಡಿದಿತ್ತು.

ಮೊದಲ ಮಾನಿಟರ್

ದಸರಾ ಸಮಯದ ಆನ್‌ಲೈನ್ ಮಾರಾಟದಲ್ಲಿ ಅವರ ತಮ್ಮ ಒಂದು ಮಾನಿಟರ್ ತರಿಸಿಕೊಟ್ಟರು. 27 ಇಂಚು, ಫುಲ್ ಎಚ್‌ಡಿ. ತರಿಸುವ ಮೊದಲು ನನ್ನನ್ನೂ ಕೇಳಿದ್ದರು. ಒಳ್ಳೇ ಬೆಲೆ, ತಗೊಳ್ಳಿ ಎಂದೆ. ಅಕ್ಷರ ದೊಡ್ಡದಾಯಿತು, ಕುತ್ತಿಗೆಯೂ ಸ್ವಲ್ಪ ಹಗುರವಾಯಿತು. ಮೊದಲ ತಿಂಗಳು ಎಲ್ಲರಿಗೂ ಖುಷಿ.

ಜನವರಿಯಲ್ಲಿ ಒಂದು ವಚನ ಸಂಕಲನದ ಕೆಲಸ ಬಂತು. ಪ್ರತಿ ವಚನದ ಕೆಳಗೆ ಸಣ್ಣ ಅಕ್ಷರದಲ್ಲಿ 'ಅರ್ಥ' ಎಂದು ಬರೆದು ವಿವರಣೆ. ಒಂದು ಕಡೆ 'ಅರ್ಥ'ದ ಬದಲು 'ಅರ್ಧ' ಎಂದು ಟೈಪ್ ಆಗಿತ್ತು. ಸರೋಜಕ್ಕ ಪರದೆಯ ಮೇಲೆ ಎರಡು ಸಲ ಪ್ರೂಫ್ ನೋಡಿದ್ದರು, ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಫಾರಂ, ಅಂದರೆ 16 ಪುಟ, ಅಚ್ಚಾಗಿ ಹೋಗಿತ್ತು. ಅದನ್ನು ಮತ್ತೆ ಮುದ್ರಿಸಿದರು. ಕಾಗದದ ಖರ್ಚನ್ನು ಸರೋಜಕ್ಕ ತಾವೇ ಕೊಟ್ಟರು. ಅವರಿಗೆ ದುಡ್ಡಿಗಿಂತ ಬೇರೆ ವಿಷಯ ನೋಯಿಸಿತು. "ಇಪ್ಪತ್ತು ವರ್ಷದಾಗ ನನ್ನ ಕೈಯಿಂದ ಹಿಂಗ ಆಗಿರ್ಲಿಲ್ಲಪ್ಪ" ಎಂದು ಎರಡು ಮೂರು ಸಲ ಹೇಳಿದರು. ವಯಸ್ಸಾಯಿತು, ಕಣ್ಣು ಹೋಯಿತು, ಇನ್ನು ಈ ಕೆಲಸ ಬಿಡಬೇಕೇನೋ ಎಂಬ ಮಾತೂ ಬಂತು.

ನಾನು ಆ ಪುಟವನ್ನು ಅವರ ಮಾನಿಟರ್‌ನಲ್ಲಿ ತೆರೆಸಿ ನೋಡಿದೆ. ಪುಟ ಪೂರ್ತಿ ಕಾಣುವ ಹಾಗೆ ಇಟ್ಟರೆ ಥ, ಧ ಎರಡೂ ಒಂದೇ ಥರ ಕಾಣುತ್ತಿದ್ದವು. ಥ ಅಕ್ಷರದ ಹೊಟ್ಟೆಯೊಳಗಿನ ಚುಕ್ಕಿ ಬೂದು ಬಣ್ಣವಾಗಿ ಕರಗಿತ್ತು. ಪ ಮತ್ತು ಷ ಕಥೆಯೂ ಅದೇ. 'ರಾಷ್ಟ್ರ'ದ ಒತ್ತುಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗಿದ್ದವು. ನನಗಿಂತ ಅವರ ಕಣ್ಣೇ ಚುರುಕು. ತಪ್ಪು ಕಣ್ಣಿನದಲ್ಲ.

ತಪ್ಪು ಎಲ್ಲಿತ್ತು

ಲೆಕ್ಕ ಹಾಕಿದಾಗ ವಿಷಯ ಸರಳವಾಗಿತ್ತು. ಮಾನಿಟರ್ 27 ಇಂಚು ಇದ್ದರೂ ಚುಕ್ಕಿ ಅದೇ 1920, 1080. ಲ್ಯಾಪ್‌ಟಾಪ್‌ನಲ್ಲೂ ಅಷ್ಟೇ ಇತ್ತು. ಸರೋಜಕ್ಕನಿಗೆ ರಂಗೋಲಿ ಲೆಕ್ಕದಲ್ಲಿ ಹೇಳಿದೆ. ಹದಿನೈದು ಚುಕ್ಕಿಯ ರಂಗೋಲಿಯನ್ನು ಹೊಸ್ತಿಲ ಮುಂದೆ ಹಾಕಿದರೂ ದೊಡ್ಡ ಅಂಗಳದಲ್ಲಿ ಹಾಕಿದರೂ ಚುಕ್ಕಿ ಹದಿನೈದೇ. ಅಂಗಳದಲ್ಲಿ ಚುಕ್ಕಿಗಳ ನಡುವೆ ದೂರ ಜಾಸ್ತಿ ಆಗುತ್ತದೆ, ಎಳೆ ಜಾಸ್ತಿ ಆಗುವುದಿಲ್ಲ. 15.6 ಇಂಚಿನಲ್ಲಿ ಒಂದು ಇಂಚಿಗೆ ಸುಮಾರು 141 ಚುಕ್ಕಿ ಇದ್ದರೆ, 27 ಇಂಚಿನಲ್ಲಿ ಸುಮಾರು 82.

ಪುಟ ಕಟ್ಟುವವರಿಗೆ ಇನ್ನೊಂದು ಲೆಕ್ಕ ಮುಖ್ಯ. ಅವರು ಎ4 ಪುಟವನ್ನು ಮೇಲಿನಿಂದ ಕೆಳತನಕ ಒಟ್ಟಿಗೆ ನೋಡಬೇಕು. ಉದ್ದದ 1080 ಚುಕ್ಕಿಯಲ್ಲಿ ಮೆನು, ಸ್ಕೇಲ್, ಕೆಳಗಿನ ಪಟ್ಟಿಗೆ ಹೆಚ್ಚುಕಮ್ಮಿ 140 ಹೋಗುತ್ತದೆ. ಉಳಿದ 940ರಲ್ಲಿ ಪುಟ ಕೂರಬೇಕು. ಆಗ 10 ಪಾಯಿಂಟ್ ಅಕ್ಷರದ ಪಾಲಿಗೆ ಬರುವುದು ಎತ್ತರಕ್ಕೆ 11 ಚುಕ್ಕಿ. ಇಂಗ್ಲಿಷ್ ಅಕ್ಷರಕ್ಕೆ 11 ಚುಕ್ಕಿ ಹೇಗೋ ಸಾಕು. ಕನ್ನಡದಲ್ಲಿ ತಲೆಕಟ್ಟು, ಗುಣಿತ, ಕೆಳಗೆ ಒತ್ತು, ಒತ್ತಿಗೂ ಒಂದು ಒತ್ತು. ಅಷ್ಟೂ ಆ 11 ಚುಕ್ಕಿಯಲ್ಲೇ ಹಿಡಿಸಬೇಕು. ಮಾನಿಟರ್ ಬಗ್ಗೆ ಅಲ್ಲಿ ಇಲ್ಲಿ ಓದಿ 'ಫುಲ್ ಎಚ್‌ಡಿ ಸಾಕು' ಎಂದು ನಂಬಿದವರು ಈ ಮಾತನ್ನು ಸ್ವಲ್ಪ ಗಮನಿಸಬೇಕು. ಅಂಥ ಸಲಹೆಗಳು ಹೆಚ್ಚಾಗಿ ಇಂಗ್ಲಿಷ್ ಓದುವವರನ್ನು, ಆಟ ಆಡುವವರನ್ನು ಮನಸ್ಸಲ್ಲಿಟ್ಟು ಬರೆದವು.

ಮಾನಿಟರ್ ವಾಪಸ್ ಕೊಡೋಣ ಎಂದರೆ ಆಗಲಿಲ್ಲ. ಕೆಟ್ಟಿದ್ದರೆ ಬದಲಿಸುತ್ತೇವೆ, ಇಷ್ಟವಾಗಲಿಲ್ಲ ಎಂದರೆ ಇಲ್ಲ ಎಂಬುದು ಆ ಮಾರಾಟದ ಷರತ್ತು. ಅದೂ ಅಲ್ಲದೆ ಮೂರು ತಿಂಗಳು ಕಳೆದಿತ್ತು.

ಅಡ್ಡ ಇದ್ದದ್ದನ್ನು ಉದ್ದಕ್ಕೆ ನಿಲ್ಲಿಸಿದೆವು

ಹೊಸದು ಕೊಳ್ಳುವ ಮೊದಲು ಇದ್ದದ್ದರಲ್ಲೇ ದಾರಿ ಹುಡುಕೋಣ ಎಂದು ಸರೋಜಕ್ಕನೇ ಹೇಳಿದರು. ಮಾನಿಟರ್ ಹಿಂದೆ ನಾಲ್ಕು ತಿರುಪಿನ ತೂತು ಇತ್ತು, 100 ಮಿ.ಮೀ. ಅಂತರದ್ದು. ಮೇಜಿಗೆ ಕಚ್ಚಿಸುವ ಒಂದು ತೋಳು ತಂದು ಪರದೆಯನ್ನು ಉದ್ದಕ್ಕೆ ನಿಲ್ಲಿಸಿದೆ. ಈಗ ಪುಟ 1080 ಚುಕ್ಕಿಯ ಅಗಲಕ್ಕೆ ಹರಡಿಕೊಂಡಿತು. 10 ಪಾಯಿಂಟ್ ಅಕ್ಷರಕ್ಕೆ 17 ಚುಕ್ಕಿ ಸಿಕ್ಕಿತು. ಥ ಹೊಟ್ಟೆಯ ಚುಕ್ಕಿ ಕಂಡಿತು! ಅವತ್ತು ಸಂಜೆ ಮಂಡಕ್ಕಿ, ಮಿರ್ಚಿ ತರಿಸಿದರು.

ಎಂಟು ದಿನದಲ್ಲಿ ಫೋನ್ ಬಂತು. "ತಮ್ಮಾ, ಅಕ್ಷರ ಚಲೋ ಕಾಣ್ತಾವು, ಕುತ್ತಿಗಿ ಮಾತ್ರ ಹೋತು."

27 ಇಂಚನ್ನು ನಿಲ್ಲಿಸಿದರೆ ಸುಮಾರು 60 ಸೆಂ.ಮೀ. ಎತ್ತರ. ಮೇಲಿನ ಸಾಲು ಓದಲು ತಲೆ ಎತ್ತಬೇಕು. ಅದರ ಮೇಲೆ ಅವರದ್ದು ಬೈಫೋಕಲ್ ಕನ್ನಡಕ. ಹತ್ತಿರದ್ದನ್ನು ಓದುವ ಗಾಜು ಕೆಳಗಿರುತ್ತದೆ. ಪರದೆಯ ಮೇಲಿನ ಭಾಗವನ್ನು ಆ ಕೆಳಗಿನ ಗಾಜಿನಿಂದ ನೋಡಲು ಗದ್ದ ಎತ್ತಿ, ತಲೆ ಹಿಂದಕ್ಕೆ ಚೆಲ್ಲಿ ಕೂರುತ್ತಿದ್ದರು. ಜೊತೆಗೆ ಲಗ್ನಪತ್ರಿಕೆ ಅಡ್ಡ ಅಳತೆಯದ್ದು, ಪುಸ್ತಕದ ಎದುರುಬದುರು ಪುಟವೂ ಅಡ್ಡವೇ. ಅದಕ್ಕೆಲ್ಲ ದಿನಕ್ಕೆ ಹತ್ತು ಸಲ ಪರದೆ ತಿರುಗಿಸಬೇಕಿತ್ತು.

ಬರೀ ಪ್ರಬಂಧ ಟೈಪ್ ಮಾಡುವವರಿಗೆ, ಕನ್ನಡಕ ಸರಿ ಇರುವವರಿಗೆ, 24 ಇಂಚಿನ ಫುಲ್ ಎಚ್‌ಡಿ ಪರದೆಯನ್ನು ಹೀಗೆ ನಿಲ್ಲಿಸುವುದು ಒಳ್ಳೇ ದಾರಿ ಎಂದು ನಾನು ಈಗಲೂ ಹೇಳುತ್ತೇನೆ. ಖರ್ಚೂ ಕಡಿಮೆ. ಸರೋಜಕ್ಕನ ಕೆಲಸಕ್ಕೆ ಅದು ಹೊಂದಲಿಲ್ಲ, ಅಷ್ಟೇ.

ಈ ವಿಫಲ ಪ್ರಯತ್ನದಿಂದ ಒಂದು ಒಳ್ಳೇದೂ ಆಯಿತು. ಕುತ್ತಿಗೆ ನೋವಿಗೆ ಅವರು ಕಣ್ಣಿನ ಡಾಕ್ಟರ್ ಹತ್ತಿರ ಹೋದರು. ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ, ಪರದೆ ನಿಮ್ಮ ಕಣ್ಣಿನಿಂದ ಎಷ್ಟು ದೂರ ಇರುತ್ತೆ? ಸರೋಜಕ್ಕನಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಹೊಲಿಗೆ ಟೇಪು ಹಿಡಿದು ಅಳೆದೆವು. 62 ಸೆಂ.ಮೀ. ಆ ದೂರಕ್ಕೆ ಅಂತಲೇ ಪೂರ್ತಿ ಗಾಜಿನ ಒಂದು ಕನ್ನಡಕ ಮಾಡಿಸಿಕೊಟ್ಟರು. ಮಾನಿಟರ್ ಬದಲಿಸುವ ಮೊದಲೇ ಅರ್ಧ ನೋವು ಇಳಿಯಿತು. ನಲವತ್ತು ದಾಟಿದವರು ಯಾರೇ ಮಾನಿಟರ್ ಕೇಳಲು ಬಂದರೂ ಈಗ ನಾನು ಮೊದಲು ಕನ್ನಡಕದ ಬಗ್ಗೆ ಕೇಳುತ್ತೇನೆ.

4ಕೆ ಅಂಗಡಿಯಲ್ಲಿ

ಸರೋಜಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಚುಕ್ಕಿ ಕಡಿಮೆ ಆದದ್ದೇ ತೊಂದರೆ ಅಂದರೆ ಅತೀ ಜಾಸ್ತಿ ಚುಕ್ಕಿ ಇರುವುದನ್ನೇ ತರೋಣ ಎಂದ. 4ಕೆ, ಅಂದರೆ 3840 ಅಡ್ಡ, 2160 ಉದ್ದ. ಅವನ ಮಾತು ತರ್ಕಕ್ಕೆ ಸರಿಯಾಗೇ ಇತ್ತು. ನನಗೂ ಹಾಗೇ ಅನಿಸಿತ್ತು. ಆದರೆ ಒಂದು ಸಲ ಎಡವಿದ್ದೆವಲ್ಲ, ಈ ಸಲ ಲ್ಯಾಪ್‌ಟಾಪ್ ಮತ್ತು ಆ ವಚನದ ಕಡತ ಎರಡನ್ನೂ ಹೊತ್ತುಕೊಂಡು ಅಂಗಡಿಗೆ ಹೋದೆವು. ಇಡೀ ಪ್ರಕರಣದಲ್ಲಿ ನಾವು ತೆಗೆದುಕೊಂಡ ಅತಿ ಒಳ್ಳೆಯ ತೀರ್ಮಾನ ಅದು.

ಅಂಗಡಿಯವರು 27 ಇಂಚಿನ 4ಕೆ ಮಾನಿಟರ್‌ಗೆ ಜೋಡಿಸಿಕೊಟ್ಟರು. ಪರದೆಯ ಹಿನ್ನೆಲೆ ಚಿತ್ರ ಅದ್ಭುತವಾಗಿ ಬಂತು. ಮೌಸ್ ಅಲ್ಲಾಡಿಸಿದರೆ ಬಾಣ ತಡೆದು ತಡೆದು ಓಡುತ್ತಿತ್ತು. ಕೇಬಲ್ ಬದಲಿಸಿದರು, ಹಾಗೇ. ಕಾರಣ ಲ್ಯಾಪ್‌ಟಾಪ್‌ನಲ್ಲಿತ್ತು. ಮಾನಿಟರ್ ಕೇಬಲ್ ಸಿಕ್ಕಿಸುವ ಅದರ ಎಚ್‌ಡಿಎಂಐ ಕಿಂಡಿ 1.4ನೇ ಆವೃತ್ತಿಯದ್ದು. 4ಕೆ ಚಿತ್ರವನ್ನು ಅದು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. 60 ಸಲ ಬೇಕೆಂದರೆ ಎಚ್‌ಡಿಎಂಐ 2.0 ಇರಬೇಕು. ಟೈಪ್-ಸಿ ಕಿಂಡಿ ಇತ್ತಲ್ಲ ಎಂದು ಮಗ ಕೇಳಿದ. ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಅದರಲ್ಲಿ ಚಿತ್ರ ಬರಬೇಕೆಂದಿಲ್ಲ. ಚಿತ್ರ ಕಳಿಸುವ ಡಿಸ್‌ಪ್ಲೇಪೋರ್ಟ್ ಸೌಲಭ್ಯ ಒಳಗೆ ಇದ್ದರೆ ಮಾತ್ರ ಬರುತ್ತದೆ. ಇವರದ್ದು ಬರೀ ಕಡತ ಸಾಗಿಸುವ ಕಿಂಡಿ. ಅದಕ್ಕೆ ಕೇಬಲ್ ಹಾಕಿದರೆ ಪರದೆ ಕಪ್ಪಗೇ ಇತ್ತು.

ಮೌಸ್ ತಡವರಿಕೆಗೆ ಹೊಂದಿಕೊಳ್ಳಬಹುದಿತ್ತೇನೋ. ಪೇಜ್‌ಮೇಕರ್ ತೆರೆದಾಗ ಎಲ್ಲ ಸ್ಪಷ್ಟವಾಯಿತು. 100%ನಲ್ಲಿ ಇಟ್ಟರೆ ಮೆನು, ಟೂಲ್‌ಬಾಕ್ಸ್ ಎಲ್ಲ ಇರುವೆಯಂತೆ. 27 ಇಂಚಿನ 4ಕೆಯಲ್ಲಿ ಇಂಚಿಗೆ 163 ಚುಕ್ಕಿ, ಲ್ಯಾಪ್‌ಟಾಪ್‌ಗಿಂತಲೂ ದಟ್ಟ. 150%ಗೆ ಹಿಗ್ಗಿಸಿದರೆ ಮತ್ತೆ ಅದೇ ಮಂಜು. 200%ಗೆ ಇಟ್ಟಾಗ ಮಂಜು ಇಲ್ಲ, ಆದರೆ ಒಂದು ಚುಕ್ಕಿಯ ಜಾಗಕ್ಕೆ ನಾಲ್ಕು ಚುಕ್ಕಿ ಒಂದೇ ಬಣ್ಣ ತುಂಬಿಕೊಂಡು, ಮನೆಯಲ್ಲಿದ್ದ ಫುಲ್ ಎಚ್‌ಡಿ ಪರದೆಯೇ ಮತ್ತೆ ಎದುರಿಗೆ ಬಂದಂತಾಯಿತು. ಥ, ಧ ಮತ್ತೆ ಒಂದೇ.

ಸರೋಜಕ್ಕ ಐದು ನಿಮಿಷ ಸುಮ್ನೆ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಇದು ಛಲೋ ಐತಿ, ನನ್ನ ಕೆಲಸಕ್ಕಲ್ಲ" ಎಂದರು. ಅಂಗಡಿಯವರು ಬಾಗಿದ ಪರದೆಯದ್ದೊಂದು, ಆಟಕ್ಕೆಂದು ಮಾಡಿದ 144 ಹರ್ಟ್ಸ್‌ನದ್ದೊಂದು (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು) ತೋರಿಸಿದರು. ಬಾಗಿದ ಪರದೆಯಲ್ಲಿ ಪುಟದ ಅಂಚಿನ ಗೆರೆಯೂ ಬಾಗಿದಂತೆ ಕಂಡಿತು. ಅದನ್ನು ಅಲ್ಲಿಗೇ ಬಿಟ್ಟೆವು.

ನಡುವಿನ ದಾರಿ

ಉಳಿದದ್ದು ಕ್ಯೂಎಚ್‌ಡಿ. ಅಂಗಡಿಗಳಲ್ಲಿ 2ಕೆ ಎಂದೂ ಹೇಳುತ್ತಾರೆ. 2560 ಅಡ್ಡ, 1440 ಉದ್ದ. 27 ಇಂಚಿನಲ್ಲಿ ಇಂಚಿಗೆ ಸುಮಾರು 109 ಚುಕ್ಕಿ. ಕಾಗದದ ಮೇಲೆ ಲೆಕ್ಕ ಕೂಡಿ ಬರುತ್ತಿತ್ತು. ಎಚ್‌ಡಿಎಂಐ 1.4ರಲ್ಲೇ ಇಷ್ಟು ಚುಕ್ಕಿಯನ್ನು ಸೆಕೆಂಡಿಗೆ 60 ಸಲ ಕಳಿಸಬಹುದು. 109 ಚುಕ್ಕಿ ಎಂದರೆ 100%ನಲ್ಲೇ ಓದುವಷ್ಟು ದೊಡ್ಡದು, ಹಿಗ್ಗಿಸುವ ಗೋಜೇ ಇಲ್ಲ, ಹಾಗಾಗಿ ಪೇಜ್‌ಮೇಕರ್‌ಗೆ ಮಂಜೂ ಇಲ್ಲ. ಪುಟ ಪೂರ್ತಿ ಇಟ್ಟಾಗ 10 ಪಾಯಿಂಟ್ ಅಕ್ಷರಕ್ಕೆ 15 ಚುಕ್ಕಿ.

ಊರಿನ ಅಂಗಡಿಗಳಲ್ಲಿ ಅವತ್ತು ಇರಲಿಲ್ಲ. ಲೆಕ್ಕ ನಂಬಿ ತರಿಸಲು ನನಗೆ ಧೈರ್ಯ ಬರಲಿಲ್ಲ. ನಾನು ನೋಡಿಕೊಳ್ಳುವ ಒಂದು ಮನೆ ನಕ್ಷೆ ಮಾಡುವವರ ಕಚೇರಿಯಲ್ಲಿ ಅಂಥದ್ದು ಇತ್ತು. ಸಂಜೆ ಅವರ ಕೆಲಸ ಮುಗಿದ ಮೇಲೆ ಸರೋಜಕ್ಕನನ್ನು ಕರೆದುಕೊಂಡು ಹೋದೆ. ವಚನದ ಕಡತ ತೆರೆದೆವು. ಪುಟ ಹೇಳದೆ, ಆ ತಪ್ಪನ್ನು ಹಾಗೇ ಇಟ್ಟು ಕೂರಿಸಿದೆ. ಅವರು ಓದುತ್ತಾ ಹೋಗಿ ಮೂರನೇ ಪುಟದಲ್ಲಿ ಬೆರಳು ಇಟ್ಟರು. "ಇಲ್ಲಿ ಐತಿ ನೋಡು." ಕನ್ನಡಕ ಸರಿ ಮಾಡಿಕೊಳ್ಳಲೂ ಇಲ್ಲ, ಹಿಗ್ಗಿಸಲೂ ಇಲ್ಲ. ಅವರ ಮುಖದಲ್ಲಿ ಅವತ್ತು ಬಂದ ನಿರಾಳ ನನಗೆ ಇನ್ನೂ ನೆನಪಿದೆ. ಕಣ್ಣು ಹೋಗಿಲ್ಲ ಎಂದು ಗೊತ್ತಾದ ನಿರಾಳ ಅದು.

ಅಲ್ಲೇ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಅಚ್ಚಾದ ಎ4 ಹಾಳೆಯನ್ನು ಪರದೆಗೆ ಹಿಡಿದು, ಪಿಡಿಎಫ್ ಪುಟವನ್ನು ಹಾಳೆಯ ಅಂಚಿಗೆ ಸರಿಯಾಗುವ ತನಕ ಹಿಗ್ಗಿಸಿದೆವು. 113% ಹತ್ತಿರ ಎರಡೂ ಒಂದಾದವು. ಎರಡು ಎ4 ಪುಟ ಪಕ್ಕಪಕ್ಕ ಇಟ್ಟರೆ 42 ಸೆಂ.ಮೀ. ಅಗಲ, 29.7 ಎತ್ತರ. 27 ಇಂಚಿನ ಪರದೆ ಸುಮಾರು 60 ಅಗಲ, 33.6 ಎತ್ತರ. ನಿಜವಾದ ಅಳತೆಯಲ್ಲೇ ಎರಡು ಪುಟ ಕೂತು, ಮೆನುಗೆ ಇನ್ನೂ ನಾಲ್ಕು ಸೆಂ.ಮೀ. ಉಳಿಯಿತು. 24 ಇಂಚಿನ ಪರದೆಯ ಎತ್ತರ 30 ಸೆಂ.ಮೀ.ಗೂ ಸ್ವಲ್ಪ ಕಡಿಮೆ. ಅದರಲ್ಲಿ ಪುಟವೇ ಅಂಚಿಗೆ ತಾಗುತ್ತದೆ. ಹಾಗಾಗಿ 27 ಇಂಚು ಎಂಬ ಮೊದಲ ಆಯ್ಕೆ ಪೂರ್ತಿ ತಪ್ಪಾಗಿರಲಿಲ್ಲ. ಅಳತೆ ಸರಿ ಇತ್ತು, ಚುಕ್ಕಿ ಸಾಲಲಿಲ್ಲ.

ಕೊಂಡ ಮೇಲೆ

ಏಪ್ರಿಲ್‌ನಲ್ಲಿ ಸ್ಥಳೀಯ ಅಂಗಡಿಯಿಂದಲೇ ತರಿಸಿದೆವು. ಐಪಿಎಸ್ ಪರದೆ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಬಗೆ), ಹೊಳಪಿಲ್ಲದ ಮೇಲ್ಮೈ, ಎತ್ತರ ತಗ್ಗಿಸುವ ಕಾಲು. ಮೊದಲನೆಯದಕ್ಕಿಂತ ಏಳೆಂಟು ಸಾವಿರ ಜಾಸ್ತಿ ಆಯಿತು. ಆನ್‌ಲೈನ್‌ಗಿಂತಲೂ ಸ್ವಲ್ಪ ಜಾಸ್ತಿಯೇ. ಪೆಟ್ಟಿಗೆ ಬಿಚ್ಚಿ ಅಂಗಡಿಯಲ್ಲೇ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣ ತುಂಬಿಸಿ ಸತ್ತ ಚುಕ್ಕಿ ಇದೆಯಾ ಎಂದು ನೋಡಿಕೊಂಡೆವು. ಆ ಜಾಸ್ತಿ ದುಡ್ಡು ಇದಕ್ಕೆ ಸಾರ್ಥಕ ಎಂದು ನನ್ನ ಅಭಿಪ್ರಾಯ.

ಮನೆಯಲ್ಲಿ ಮೇಜನ್ನು ಕಿಟಕಿಯ ಪಕ್ಕಕ್ಕೆ ತಿರುಗಿಸಿದೆವು. ಮೊದಲು ಕಿಟಕಿ ಬೆನ್ನಿಗೆ ಇತ್ತು, ದಾವಣಗೆರೆಯ ಬೇಸಿಗೆ ಬಿಸಿಲು ನೇರ ಪರದೆಗೆ ಹೊಡೆಯುತ್ತಿತ್ತು. ಪರದೆಯ ಮೇಲಂಚು ಕಣ್ಣಿಗಿಂತ ಎರಡು ಬೆರಳು ಕೆಳಗೆ. ಪರದೆಯ ಬೆಳಕನ್ನು ಪಕ್ಕದಲ್ಲಿಟ್ಟ ಬಿಳಿ ಹಾಳೆಯಷ್ಟೇ ಇಟ್ಟೆವು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ಮಾನಿಟರ್ ಆರುತ್ತದೆ. ಅದಕ್ಕೆ ಇನ್ವರ್ಟರ್ ಲೈನಿನ ಪ್ಲಗ್ ಕೊಡಿಸಿದೆ. ಅದು ಒಂದು ಬಲ್ಬಿನಷ್ಟು, 25–30 ವ್ಯಾಟ್ ತಿನ್ನುತ್ತದೆ, ಇನ್ವರ್ಟರ್‌ಗೆ ಭಾರವಲ್ಲ.

ಒಂದು ಗೊಂದಲ ಮಾತ್ರ ಕೆಲವು ದಿನ ಕಾಡಿತು. ಲ್ಯಾಪ್‌ಟಾಪ್ ಪರದೆಯನ್ನು ಈಗ 125%ಗೆ ಇಟ್ಟಿದ್ದೆ, ಮಾನಿಟರ್ 100%ನಲ್ಲಿ. ಪೇಜ್‌ಮೇಕರ್ ಮಾನಿಟರ್ ಮೇಲೆ ಚೊಕ್ಕ ಕಾಣುತ್ತಿತ್ತು, ಲ್ಯಾಪ್‌ಟಾಪ್ ಕಡೆ ಎಳೆದರೆ ಮಂಜಾಗುತ್ತಿತ್ತು. ಮಾನಿಟರ್ ಕೆಟ್ಟಿತೇನೋ ಎಂದು ಒಂದು ರಾತ್ರಿ ಫೋನ್ ಮಾಡಿದ್ದರು. ಪೇಜ್‌ಮೇಕರ್ ದೊಡ್ಡ ಪರದೆಯಲ್ಲೇ ಇರಲಿ, ಲ್ಯಾಪ್‌ಟಾಪ್‌ನಲ್ಲಿ ವಾಟ್ಸ್ಆ್ಯಪ್ ಮತ್ತು ಗಿರಾಕಿಯ ಹಸ್ತಪ್ರತಿ ಇರಲಿ ಎಂದು ಮಾಡಿಕೊಂಡ ಮೇಲೆ ಸರಿಹೋಯಿತು.

ಬಣ್ಣದ ವಿಷಯದಲ್ಲಿ ನಾವು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಲಗ್ನಪತ್ರಿಕೆಯ ಕುಂಕುಮದ ಕೆಂಪು ಯಾವ ಪರದೆಯಲ್ಲೂ ಅಚ್ಚಿನ ಹಾಗೇ ಕಾಣುವುದಿಲ್ಲ. ಅದನ್ನು ಪ್ರೆಸ್ಸಿನ ಮಾದರಿ ಹಾಳೆ ನೋಡಿಯೇ ಒಪ್ಪಿಸುತ್ತಾರೆ.

ಮೊದಲಿನ ಫುಲ್ ಎಚ್‌ಡಿ ಮಾನಿಟರ್ ಈಗ ಅವರ ತಮ್ಮನ ಅಂಗಡಿಯಲ್ಲಿ ಸಿಸಿ ಕ್ಯಾಮೆರಾ ನೋಡಲು ಇದೆ. ಅಲ್ಲಿ ಅದು ಚೆನ್ನಾಗೇ ಕೆಲಸ ಮಾಡುತ್ತಿದೆ.

ನಾನು ಈಗ ಬದಲಾಯಿಸಿಕೊಂಡದ್ದು ಇಷ್ಟು. ಯಾರಾದರೂ ಮಾನಿಟರ್ ಕೇಳಿದರೆ ಇಂಚಿನ ಮಾತು ಕೊನೆಗೆ. ಮೊದಲು ಲ್ಯಾಪ್‌ಟಾಪ್‌ನ ಕಿಂಡಿಗಳನ್ನು ನೋಡುತ್ತೇನೆ. ಆಮೇಲೆ ದಿನವಿಡೀ ಯಾವ ತಂತ್ರಾಂಶದಲ್ಲಿ ಕೂರುತ್ತೀರಿ, ಅದು ಯಾವ ಕಾಲದ್ದು ಎಂದು ಕೇಳುತ್ತೇನೆ. ಆಮೇಲೆ ಅವರದೇ ಕಡತ ಪೆನ್‌ಡ್ರೈವ್‌ನಲ್ಲಿ ತರಲು ಹೇಳುತ್ತೇನೆ. ಹೊಸ ಲ್ಯಾಪ್‌ಟಾಪ್ ಇದ್ದು, ಪುಟ ಕಟ್ಟುವ ಹೊಸ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಬಳಸುವವರಾದರೆ ನಾನೇ 4ಕೆ ತಗೊಳ್ಳಿ ಎನ್ನುತ್ತೇನೆ. ಅವರ ಒತ್ತಕ್ಷರಕ್ಕೆ ಅದಕ್ಕಿಂತ ಒಳ್ಳೇದು ಇಲ್ಲ. ಸರೋಜಕ್ಕನೂ ಒಂದು ದಿನ ಅಲ್ಲಿಗೆ ಬರಬಹುದು. ಮಗ ನಿಧಾನವಾಗಿ ಹಳೇ ಕಡತಗಳನ್ನು ಯೂನಿಕೋಡ್‌ಗೆ ತರುತ್ತಿದ್ದಾನೆ.

ವಚನ ಸಂಕಲನದ ಎರಡನೇ ಭಾಗ ಇವರ ಹತ್ತಿರವೇ ಬಂತು. ಮೊದಲು ಪ್ರತಿ ಸುತ್ತಿಗೂ ಹಾಳೆ ತೆಗೆದು ನೋಡುತ್ತಿದ್ದರು. ಈಗ ಎರಡು ಸುತ್ತು ಪರದೆಯಲ್ಲೇ ಮುಗಿಯುತ್ತದೆ. ಕೊನೆಯ ಪ್ರೂಫ್ ಮಾತ್ರ ಇವತ್ತಿಗೂ ಹಾಳೆಯ ಮೇಲೆ, ಕೆಂಪು ಪೆನ್ ಹಿಡಿದೇ ನೋಡುತ್ತಾರೆ. ಅದನ್ನು ಬಿಡಿ ಎಂದು ನಾನು ಹೇಳಿಲ್ಲ.